ಶಾಕಂಭರಿಯ ನೆರೆಯಲ್ಲೊಂದು ಕೈತೋಟ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ ಸಾರಕ್ಕಿಯ ಬಳಿ ಬನಶಂಕರಿಯ ದೇವಾಲಯವಿರುವುದು. ಮಂಗಳವಾರ ಶುಕ್ರವಾರಗಳಂದು, ಉಳಿದ ಶುಭಕಾರ್ಯಗಳಿಗೆಲ್ಲ ವರ್ಜ್ಯವಾದ ರಾಹುಕಾಲದಲ್ಲಿಯೇ, ಸ್ತ್ರೀಯರು ಗುಂಪುಗುಂಪಾಗಿ ಬಂದು ನಿಂಬೆಯ ಹೋಳನ್ನು ಮಗುಚಿ ಬಟ್ಟಲಿನಂತೆ ಮಾಡಿ ಅದರಲ್ಲಿ ದೀಪ ಹಚ್ಚುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಈ ದೇವಿಯ ಮೂಲಸ್ಥಾನವು ಬಾದಾಮಿಯ ಸಮೀಪದ ಚೊಳಚಗುಡ್ಡ. ಅಲ್ಲಿ ಪುಷ್ಯಮಾಸದ ಜಾತ್ರೆಯ ಕಾಲದಲ್ಲಿ ಪಲ್ಯದ ಹಬ್ಬವೆಂಬುದು ನಡೆಯುವುದು. ನೂರೆಂಟು ಬಗೆಯ ಪಲ್ಯಗಳನ್ನು ಮಾಡಿ ಅಮ್ಮನವರಿಗೆ ನೈವೇದ್ಯವಿಡುವರು. ಆ ಮಾಸದ ಪೂರ್ಣಿಮೆಗೆ ಬನದ ಹುಣ್ಣಿಮೆಯೆಂದೇ ಹೆಸರು.

ಜನರು ಈಕೆಯನ್ನು ಶಾಕಾಂಬರಿಯೆನ್ನುವರು. ಶಾಕವನ್ನೇ ಅಂಬರವಾಗಿ ಉಟ್ಟವಳೆಂದು ಅದಕ್ಕೆ ಅರ್ಥವನ್ನೂ ಹೇಳುವರು. ತರಕಾರಿಯ ಅಲಂಕಾರವನ್ನು ಕಂಡ ಕಣ್ಣಿಗೆ ಅದು ಒಪ್ಪುವ ಮಾತೇ. ಆದರೆ ದೇವೀಮಾಹಾತ್ಮ್ಯದಲ್ಲಿರುವುದು ಶಾಕಂಭರೀ ಎಂದು. ಶಾಕದಿಂದ ಭರಿಸುವವಳು, ಪೊರೆಯುವವಳು. ನೂರು ವರುಷ ಮಳೆಯಿಲ್ಲದೆ ಲೋಕವು ಒಣಗಿದಾಗ ತನ್ನ ದೇಹದಿಂದಲೇ ಹುಟ್ಟಿದ ಸೊಪ್ಪುತರಕಾರಿಗಳಿಂದ, ಮಳೆ ಬರುವವರೆಗೂ ಜೀವಿಗಳನ್ನು ಸಾಕುವೆನೆಂದು ದೇವಿಯು ಅಲ್ಲಿ ಅಭಯವೀಯುವಳು. ಈ ಪದದ ವ್ಯುತ್ಪತ್ತಿಯನ್ನು ನಾವು ಮೂವತ್ತು ವರುಷಕ್ಕೂ ಮಿಗಿಲಾಗಿ ಹುಡುಗರಿಗೆ ಹೇಳಿದ್ದೇವೆ. ಅಷ್ಟೂ ಕಾಲ ಈ ದೇವಾಲಯಕ್ಕೆ ಒಂದು ಹರದಾರಿಯೊಳಗೇ ವಾಸಮಾಡಿದ್ದೇವೆ. ಆದರೆ ಒಂದು ಹಿಡಿ ಮೆಂತ್ಯದ ಸೊಪ್ಪನ್ನು ಬೆಳೆದವರಲ್ಲ.

ಉಪಾಧ್ಯಾಯವೃತ್ತಿಯಿಂದ ವಿಶ್ರಾಂತಿ ದೊರೆತ ಮೇಲೆ ಈ ಕೊರತೆಯನ್ನು ನೀಗಬೇಕೆಂದು ಮನಸ್ಸಾಯಿತು. ಸಂಸ್ಕೃತ ಓದಿದವನ ಬುದ್ಧಿ ಮೊದಲು ಹೋಗುವುದು ಪುಸ್ತಕದ ಕಪಾಟಿನ ಕಡೆಗೆ. ಸುರಪಾಲನ ವೃಕ್ಷಾಯುರ್ವೇದವನ್ನು ತೆಗೆದೆವು; ಸುಮಾರು ೧೦೨೫ರಲ್ಲಿ ನಮ್ಮ ಕನ್ನಡದಲ್ಲಿಯೇ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಭಾಗವುಂಟೆಂದು ಅದನ್ನೂ ತಂದೆವು. ಸುರಪಾಲನು ಹೇಳುವ ಕುಣಪಜಲವೆಂಬ ಗೊಬ್ಬರಕ್ಕೆ ಮಾಂಸ ಮಜ್ಜೆಗಳನ್ನು ಬೇಯಿಸಿ ಕೊಳೆಯಿಸಬೇಕು. ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು, “ಆ ತೋಟವನ್ನು ಪುಸ್ತಕದಲ್ಲೇ ಬೆಳೆದುಕೊಳ್ಳಿ” ಎಂದು ಒಳಗೆ ಹೋದರು. ಕೋಶಗಳ ವ್ಯಾಖ್ಯಾನಕಾರರು ಶಾಕವನ್ನು ಬೇರು, ಎಲೆ, ಮೊಳಕೆ, ಕುಡಿ, ಕಾಯಿ, ಕಾಂಡ, ತೊಗಟೆ, ಹೂವು ಮುಂತಾಗಿ ಹತ್ತು ವಿಧವಾಗಿ ವಿಂಗಡಿಸಿರುವುದು ನಮಗೆ ಕಂಠಪಾಠವಾಗಿತ್ತು. ಆದರೆ ವಾರ್ತಾಕವೆಂದರೆ ಬದನೆಯೆಂದು ಬಲ್ಲ ನಾವು, ಬದನೆಯ ಸಸಿಯನ್ನೂ ಮೆಣಸಿನ ಸಸಿಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಗುರುತಿಸಲಾರದವರಾಗಿದ್ದೆವು.

ನಮ್ಮದು ಮೂವತ್ತು ಅಡಿಗೆ ನಾಲ್ವತ್ತು ಅಡಿಯ ನಿವೇಶನ. ಮನೆಯನ್ನು ಕಳೆದರೆ ಹಿತ್ತಲಲ್ಲಿ ನಾಲ್ಕಡಿ ಅಗಲದ ಪಟ್ಟಿಯೊಂದು, ಮೇಲೆ ತಾರಸಿ, ಇಷ್ಟೇ ಭೂಮಿ. ಹಿತ್ತಲನ್ನು ಅಗೆದಾಗ ಮೊದಲ ಒಂದು ಅಡಿಯಲ್ಲಿ ಸಿಕ್ಕಿದ್ದು ಮಣ್ಣಲ್ಲ. ಇಟ್ಟಿಗೆಯ ಚೂರು, ಗಾರೆಯ ಹೆಂಟೆ, ಸಿಮೆಂಟಿನ ಚೀಲದ ಹರಕು, ತುಕ್ಕುಹಿಡಿದ ಕಂಬಿ. ಮನೆ ಕಟ್ಟಿಸುವವರು ಉಳಿದದ್ದನ್ನೆಲ್ಲ ಹಿತ್ತಲಲ್ಲೇ ಹೂಳಿ ಮೇಲೆ ಒಂದು ಪದರ ಮಣ್ಣೆಳೆದು ಹೋಗುವುದು ಈ ಬಡಾವಣೆಗಳ ಸಂಪ್ರದಾಯವೆಂದು ಕಾಣುತ್ತದೆ. ಇದನ್ನೆಲ್ಲ ಆರಿಸಿ ತೆಗೆದು, ಒಬ್ಬ ಲಾರಿಯವನಿಂದ ಕೆಂಪುಮಣ್ಣು ತರಿಸಿದೆವು. ಬಣ್ಣವು ಕುಂಕುಮದಂತೆ ಬಹು ಮನೋಹರವಾಗಿತ್ತು. ಎರಡು ಸಲ ನೀರೆರೆದ ಮೇಲೆ ಅದು ಬಿಸಿಲಿಗೆ ಕಾದು ಹೆಂಚಿನಂತೆ ಗಟ್ಟಿಯಾಯಿತು. ಅದು ಯಾವುದೋ ಬಹುಮಹಡಿಯ ಕಟ್ಟಡಕ್ಕಾಗಿ ಇಪ್ಪತ್ತು ಅಡಿ ಆಳದಿಂದ ತೋಡಿ ತೆಗೆದ ಮಣ್ಣೆಂದು ಅನಂತರ ತಿಳಿಯಿತು. ಭೂಮಿಯ ಮೇಲಣ ಗೇಣುದ್ದದ ಪದರದಲ್ಲಿ ಮಾತ್ರ ಎಲೆ ಕೊಳೆತ ಸಾರವೂ ಎರೆಹುಳುವೂ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳೂ ಇರುವುವು. ಕೆಳಗಿನದು ಬರಿಯ ಕಲ್ಲಿನ ಪುಡಿ. ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವ ಬಂಡೆಗೆ ಮುನ್ನೂರು ಕೋಟಿ ವರುಷಗಳ ವಯಸ್ಸನ್ನು ಭೂಗರ್ಭಶಾಸ್ತ್ರಜ್ಞರು ಹೇಳುವರು. ನಮ್ಮ ಲಾರಿಯ ಮಣ್ಣೂ ಅಂಥ ಬಂಡೆಯ ಸಂತಾನವೇ. ವಂಶವು ದೊಡ್ಡದು, ಅನ್ನವಿಲ್ಲ.

ಮೊದಲ ಸಲ ತೋಟ ಮಾಡುವವರು ಬೀಜಕ್ಕೆ ಹಣ ಚೆಲ್ಲುವ ಮೊದಲು ಮಣ್ಣನ್ನು ಸರಿಮಾಡಿಕೊಳ್ಳತಕ್ಕದ್ದು. ಮೇಲ್ಪದರದ ಕೆಂಪುಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ತಾರಸಿಯ ಕುಂಡಗಳಿಗೆ ಈ ಮಿಶ್ರಣವು ಹಗುರವಾಗಿಯೂ ಇರುವುದು, ತೇವವನ್ನೂ ಹಿಡಿಯುವುದು. ಹಗುರ ಎಂಬ ಮಾತನ್ನು ಸುಮ್ಮನೆ ಹೇಳಲಿಲ್ಲ. ಒಂದು ಘನ ಅಡಿಯ ಒದ್ದೆ ಮಣ್ಣು ಐವತ್ತು ಕಿಲೋಗ್ರಾಮಿನಷ್ಟು ತೂಗುವುದು. ಈ ಲೆಕ್ಕವನ್ನು ಅರಿಯದೆ ನಾವು ನಾಲ್ಕು ದೊಡ್ಡ ಪೀಪಾಯಿಗಳನ್ನು ಅರ್ಧಕ್ಕೆ ಕೊಯ್ಯಿಸಿ, ಮಣ್ಣು ತುಂಬಿಸಿ, ತಾರಸಿಯ ನಟ್ಟನಡುವೆ ಸಾಲಾಗಿ ಇರಿಸಿದೆವು. ಮೂರನೆಯ ತಿಂಗಳು ನಡುಮನೆಯ ಮಾಳಿಗೆಯಲ್ಲಿ ನೀರಿನ ಕಲೆಯೊಂದು ಮೂಡಿ, ದಿನೇ ದಿನೇ ವಿಸ್ತಾರವಾಗಿ, ಭರತಖಂಡದ ನಕ್ಷೆಯಂತಾಯಿತು. ಗಾರೆಯ ಮೇಸ್ತ್ರಿಯು ಬಂದು ನೋಡಿ, ಭಾರವನ್ನು ಗೋಡೆ ತೊಲೆಗಳ ಮೇಲೆ ಬರುವಂತೆ ಅಂಚಿಗೆ ಸರಿಸಿ, ಇಟ್ಟಿಗೆಯ ಮೇಲೆ ಎತ್ತಿಡಿಸಿ, ಅಡಿಯಲ್ಲಿ ಗಾಳಿಯಾಡುವಂತೆ ಮಾಡಿದನು. ತೋಟದ ಮೊದಲ ವರುಷದ ಖರ್ಚಿನಲ್ಲಿ ಅತ್ಯಧಿಕವಾದುದು ಈ ಮಾಳಿಗೆಯ ದುರಸ್ತಿಯೇ.

ಸಸಿಗಳನ್ನು ಕೊಳ್ಳುವುದಕ್ಕೆ ನಾವು ಹೋದುದು ಸಿದ್ದಾಪುರಕ್ಕೆ. ದಕ್ಷಿಣ ಬೆಂಗಳೂರಿನಲ್ಲಿ ತೋಟವನ್ನು ಆರಂಭಿಸುವವರು ಒಂದು ದಿನದ ಬೆಳಗನ್ನು ಈ ಸಂಚಾರಕ್ಕೆ ಮೀಸಲಿಡುವುದು ಲೇಸು. ಲಾಲ್‌ಬಾಗಿನ ಒಳಗೆ ಅರ್ಧಗಂಟೆ ಅಡ್ಡಾಡಿ, ಸಿದ್ದಾಪುರದ ಕಡೆಯ ಬಾಗಿಲಿನಿಂದ ಹೊರಬಿದ್ದರೆ, ರಸ್ತೆಯ ಬದಿಯಲ್ಲಿ ಸಸ್ಯಗಳ ಮಾರಾಟದ ತೋಟಗಳು ಒತ್ತಾಗಿ ಕಾಣುವುವು. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟವು ಇಂದು ೨೪೦ ಎಕರೆಯಷ್ಟಿದೆ. ಅದನ್ನು ಕೈಯಾರೆ ಬೆಳೆಸಿದವರಲ್ಲಿ ತಿಗಳ ಜನಾಂಗದವರು ಮುಖ್ಯರು. ಚೈತ್ರದ ಹುಣ್ಣಿಮೆಯಲ್ಲಿ ಧರ್ಮರಾಯನ ಗುಡಿಯಿಂದ ಕರಗವನ್ನು ಹೊತ್ತು ಹೊರಡುವವರೂ ಅವರೇ. ಹೈದರಾಲಿಯ ಹೆಸರನ್ನು ಎಲ್ಲರೂ ಬಲ್ಲರು, ೧೯೦೮ರಿಂದ ೧೯೩೨ರವರೆಗೆ ಇಲ್ಲಿ ಮೇಲ್ವಿಚಾರಕನಾಗಿದ್ದ ಜರ್ಮನ್ ದೇಶದ ಕ್ರುಂಬಿಗಲ್ ಸಾಹೇಬನ ಹೆಸರನ್ನೂ ಕೆಲವರು ಬಲ್ಲರು. ಗುದ್ದಲಿ ಹಿಡಿದವರ ಹೆಸರು ಯಾವ ಕಲ್ಲಿನಲ್ಲಿಯೂ ಕಾಣದು.

ನಮ್ಮ ಸೀಮೆಬದನೆಕಾಯಿಯೂ ಈ ಲಾಲ್‌ಬಾಗಿನ ಮೂಲಕವೇ ಊರಿಗೆ ಬಂದುದು. ಕ್ರುಂಬಿಗಲ್‌ನಿಗಿಂತ ಹಿಂದಿನ ಅಧಿಕಾರಿಯಾದ ಜಾನ್ ಕ್ಯಾಮರನ್ ಎಂಬುವನು ಅದನ್ನು ತಂದನೆಂದು ಹೇಳುವರು. ಹುಟ್ಟೂರು ದೂರದ ಮೆಕ್ಸಿಕೊ ದೇಶ. ತಮಿಳರು ಅದನ್ನು ಬೆಂಗಳೂರು ಕತ್ತರಿಕ್ಕಾಯ್ ಎನ್ನುವರು, ತೆಲುಗರು ಬೆಂಗಳೂರು ವಂಕಾಯ ಎನ್ನುವರು. ನಾವು ಬೆಂಗಳೂರಿನವರು ಮಾತ್ರ ಅದು ನಮ್ಮದಲ್ಲವೆಂದು ಸೀಮೆಯ ಹೆಸರಿನಿಂದ ಕರೆಯುತ್ತೇವೆ. ಇದರ ಬೀಜವನ್ನು ಅಂಗಡಿಯಲ್ಲಿ ಕೇಳಿ ನಾವು ನಗೆಪಾಟಲಾದೆವು. ಬೀಜವನ್ನು ಬೇರ್ಪಡಿಸುವ ಹಾಗಿಲ್ಲ. ಬಲಿತ ಕಾಯಿಯನ್ನು ಮೂಲೆಯಲ್ಲಿಟ್ಟರೆ ಹೊಟ್ಟೆಯೊಳಗೇ ಮೊಳೆತು ತುದಿಯಿಂದ ಕುಡಿ ಹೊರಡುವುದು, ಇಡಿಯ ಕಾಯಿಯನ್ನೇ ಓರೆಯಾಗಿ ಮಣ್ಣಿನಲ್ಲಿ ಊರಬೇಕು.

ಸಿದ್ದಾಪುರದಿಂದ ಸ್ವಲ್ಪ ದೂರ ನಡೆದರೆ ಅಶೋಕಸ್ತಂಭ. ೧೯೪೮ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರು ಜಯನಗರದ ಬಡಾವಣೆಯನ್ನು ಆರಂಭಿಸಿದುದರ ನೆನಪು ಈ ಕಂಬ. ಅದರಿಂದ ತೆಂಕಲಿಗೆ ಆಗ ಇದ್ದುದೆಲ್ಲ ಭೈರಸಂದ್ರ, ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳು, ಅವುಗಳ ಕೆರೆಗಳು, ಹೊಲತೋಟಗಳು. ಈಗ ಬಿ.ಟಿ.ಎಂ. ಎಂದು ನಾವು ಉಸಿರಾಡದೆ ಹೇಳುವ ಮೂರು ಅಕ್ಷರಗಳೊಳಗೆ ಭೈರಸಂದ್ರ ತಾವರೆಕೆರೆ ಮಡಿವಾಳಗಳು ಅಡಗಿ ಕುಳಿತಿವೆ. ತರಕಾರಿ ಬೆಳೆಯುವುದು ಈ ನೆಲಕ್ಕೆ ಹೊಸದಲ್ಲ, ನಮಗೆ ಹೊಸದು.

ಏನನ್ನು ಬೆಳೆಯಬೇಕೆಂಬ ಪ್ರಶ್ನೆಗೆ ನಮ್ಮ ಮನೆಯವರು ಕೊಟ್ಟ ಉತ್ತರವು ಯಾವ ಪುಸ್ತಕದಲ್ಲಿಯೂ ನಮಗೆ ಸಿಕ್ಕಿರಲಿಲ್ಲ. “ಶ್ರಾದ್ಧಕ್ಕೆ ಆಗುವ ತರಕಾರಿಗಳನ್ನು ಹಾಕಿ, ಅವು ತಾವೇ ಬರುತ್ತವೆ” ಎಂದರು. ಯೋಚಿಸಿದಷ್ಟೂ ಈ ಮಾತು ನಮಗೆ ಹಿಡಿಸಿತು. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆಗಳು ಅಮೆರಿಕೆಯಿಂದ ಬಂದವುಗಳು. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಅವಕ್ಕೆ ಹೆಸರೇ ಇಲ್ಲ, ಪಿತೃಗಳ ಎಲೆಗೂ ಅವು ಬರವು. ಪಡವಲ, ಹಾಗಲ, ಬಾಳೆ, ಸೌತೆ, ಗೋರಿಕಾಯಿ, ಕೆಸು ಇವುಗಳೋ ಈ ಸೀಮೆಯ ಬಿಸಿಲಿಗೂ ಹುಳುವಿಗೂ ಬಹುಕಾಲದಿಂದ ಹೊಂದಿಕೊಂಡವು. ಗೆಣಸೊಂದು ಮಾತ್ರ ಅಮೆರಿಕೆಯದಾದರೂ ಹೇಗೋ ನುಸುಳಿ ಪಂಕ್ತಿಯಲ್ಲಿ ಕುಳಿತುಬಿಟ್ಟಿದೆ. ಟೊಮೇಟೊ ಇಲ್ಲದೆ ಸಾರಿಲ್ಲವೆನ್ನುವವರು ಹೆಸರುಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ ಅರ್ಕಾ ರಕ್ಷಕ್ ಎಂಬ ತಳಿಯನ್ನು ಹಾಕಬಹುದು. ಎಲೆಮುದುಡು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ಅದು ತಡೆಯಬಲ್ಲುದು. ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಹರಿವೆಯಲ್ಲಿ ಮತ್ತೆ ಮತ್ತೆ ಕೊಯ್ಯಲು ಬರುವ ಅರ್ಕಾ ಸುಗುಣ; ಇವೂ ಅಲ್ಲಿಯವೇ.

ಮೊದಲ ಫಸಲಿಗೆ ಸೊಪ್ಪೇ ಉತ್ತಮ. ಮೆಂತ್ಯವು ಮೂರು ನಾಲ್ಕು ವಾರಕ್ಕೆ ಕೈಗೆ ಬರುವುದು, ಹರಿವೆಯು ತಿಂಗಳೊಳಗೆ, ಮೂಲಂಗಿಯು ನಾಲ್ವತ್ತು ನಾಲ್ವತ್ತೈದು ದಿನಕ್ಕೆ. ಕೊತ್ತಂಬರಿಯ ಕಾಳನ್ನು ಒಡೆದು ಎರಡು ಮಾಡಿ ಬಿತ್ತಬೇಕೆಂಬ ಗುಟ್ಟನ್ನು ಯಾರೂ ನಮಗೆ ಹೇಳಲಿಲ್ಲ. ಇಡಿಯ ಕಾಳನ್ನೇ ಬಿತ್ತಿ, ಬರಲಿಲ್ಲವೆಂದು ಅಂಗಡಿಯವನೊಡನೆ ಜಗಳವಾಡಿ ಬಂದೆವು. ಅವನ ಕ್ಷಮೆಯನ್ನು ಇನ್ನೂ ಕೇಳಿಲ್ಲ.

ಈಗ ಅವರೆಯ ವೃತ್ತಾಂತ. ೨೦೨೩ರ ಮಾಘಮಾಸದಲ್ಲಿ, ಅವರೆಕಾಯಿ ಮೇಳದಲ್ಲಿ ತಿಂದ ರುಚಿಯು ನಾಲಿಗೆಯ ಮೇಲಿರುವಾಗಲೇ, ಹಿತ್ತಲಿನ ಗೋಡೆಯುದ್ದಕ್ಕೂ ಅವರೆಯ ಬೀಜವನ್ನು ಊರಿದೆವು. ಎಂಟು ದಿನಕ್ಕೆ ಮೊಳಕೆ, ತಿಂಗಳಿಗೆ ಬಳ್ಳಿ, ಎರಡು ತಿಂಗಳಿಗೆ ಚಪ್ಪರ. ಬಂದವರೆಲ್ಲ ಹೊಗಳಿದರು. ಚೈತ್ರ ವೈಶಾಖಗಳು ಕಳೆದುವು, ಜ್ಯೇಷ್ಠವೂ ಬಂದಿತು, ಒಂದು ಹೂವಿಲ್ಲ. ಗೊಬ್ಬರ ಹಾಕಿದೆವು, ಬಳ್ಳಿ ಇನ್ನೂ ದಟ್ಟವಾಯಿತು. ಬೀಜ ಕೊಟ್ಟವನು ಮೋಸಮಾಡಿದನೆಂದು ನಿಶ್ಚಯಿಸಿ, ಆಷಾಢದ ಒಂದು ಭಾನುವಾರ ಅಷ್ಟನ್ನೂ ಬುಡದಿಂದ ಕಿತ್ತು ರಾಶಿಹಾಕಿದೆವು. ಮರುದಿನ ಬೆಳಿಗ್ಗೆ ಸೊಪ್ಪು ಮಾರಲು ಬಂದ ಮುದುಕಿಯು ಗೇಟಿನಾಚೆಯಿಂದ ಆ ರಾಶಿಯನ್ನು ಕಂಡು ಕುಕ್ಕೆಯನ್ನು ಇಳಿಸಿದಳು.

“ಇದ್ಯಾಕ್ ಸ್ವಾಮಿ ಕಿತ್ತಾಕ್ಬುಟ್ರಿ?”

“ಆರು ತಿಂಗಳಾದರೂ ಹೂವಿಲ್ಲವಮ್ಮ, ಗೊಡ್ಡು ಬೀಜ.”

“ಅಯ್ಯೋ ನನ್ ಸ್ವಾಮಿ! ಅವರೆ ಚಳಿಗೆ ಹೂ ಬಿಡೋದಲ್ವಾ? ಕಾರ್ತೀಕಕ್ಕೆ ಮನೆ ತುಂಬಾ ಕಾಯಿ ಆಗ್ತಿತ್ತಲ್ಲ. ಬಿಸಿಲಲ್ಲಿ ಎಲ್ಲಾನಾ ಬಿಡತ್ತಾ?”

ನಾಡಿನ ಹಳೆಯ ಅವರೆಯು ಹಗಲು ಕುಗ್ಗಿ ಇರುಳು ಬೆಳೆದ ಮೇಲಲ್ಲದೆ ಮೊಗ್ಗೊಡೆಯದು. ಯಾವ ತಿಂಗಳು ಬಿತ್ತಿದರೂ ಅದು ಕಾಯುವುದು ಕಾರ್ತೀಕ ಮಾರ್ಗಶಿರಗಳ ಕಿರುಹಗಲಿಗಾಗಿ. ಎಲ್ಲ ಕಾಲಕ್ಕೂ ಕಾಯಿ ಬಿಡುವಂತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳ ಅವರೆ ೩, ಹೆಬ್ಬಾಳ ಅವರೆ ೪ ಎಂಬ ತಳಿಗಳನ್ನು ಮಾಡಿರುವರೆಂದು ಅನಂತರ ಓದಿ, ಅದನ್ನು ಮುದುಕಿಗೆ ತಿಳಿಸಿದೆವು. “ಇರ್ಬೋದು ಸ್ವಾಮಿ, ಸೊಗಡಿರಲ್ಲ” ಎಂದು ಒಂದೇ ಮಾತಿನಲ್ಲಿ ವಿಶ್ವವಿದ್ಯಾನಿಲಯವನ್ನು ಬದಿಗಿಟ್ಟಳು. ಕಾಲಿದಾಸನ ಋತುವರ್ಣನೆಯನ್ನು ಪಾಠಹೇಳಿದ ನಮಗೆ ಋತುವಿನ ಅರ್ಥವನ್ನು ಹೇಳಿದವಳು ಆಕೆಯೇ.

ಆ ವರುಷ ಮಳೆಯು ಕೈಕೊಟ್ಟಿತು. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಸರಕಾರವು ಬರಪೀಡಿತವೆಂದು ಘೋಷಿಸಿತು. ಪತ್ರಿಕೆಯಲ್ಲಿ ಇದನ್ನು ಓದಿದೆವು. ಆದರೆ ನಲ್ಲಿಯಲ್ಲಿ ನೀರು ಬರುತ್ತಿದ್ದುದರಿಂದ ಓದಿ ಮಡಿಸಿಟ್ಟೆವು. ೨೦೨೪ರ ಫೆಬ್ರವರಿಯ ಹೊತ್ತಿಗೆ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದುವು. ಟ್ಯಾಂಕರಿನ ನೀರಿನ ಬೆಲೆ ಏರಿತು. ಮಾರ್ಚಿಯಲ್ಲಿ ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕಾಗಲಿ ವಾಹನ ತೊಳೆಯುವುದಕ್ಕಾಗಲಿ ಬಳಸಕೂಡದೆಂದೂ ತಪ್ಪಿದರೆ ೫,೦೦೦ ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿತು.

ನಮ್ಮ ತಾರಸಿಯಲ್ಲಿ ಆಗ ಒಂಬತ್ತು ಟೊಮೇಟೊ ಗಿಡಗಳು ಕಾಯಿಕಟ್ಟಿ ನಿಂತಿದ್ದುವು. ನಿಜವನ್ನು ಹೇಳಬೇಕಾದರೆ, ಆಜ್ಞೆಯಾದ ಮೇಲೂ ಒಂದು ವಾರ, ಬೆಳಗಿನ ಜಾವದ ಕತ್ತಲಲ್ಲಿ, ಕಾವೇರಿಯ ನೀರನ್ನೇ ಎರಡು ಬಿಂದಿಗೆ ಅವಕ್ಕೆ ಎರೆದೆವು. ದಂಡದ ಭಯವೇನೂ ಇರಲಿಲ್ಲ. ತಾರಸಿಯ ಮೇಲೆ ಯಾರು ನೋಡುವರು? ನೋಡಿದವಳು ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು. ಒಂದು ದಿನ ಆಕೆ ಎಂದಿಗಿಂತ ತಡವಾಗಿ, ಆದರೆ ನಾವು ಎಣಿಸಿದ್ದಕ್ಕಿಂತ ಬೇಗ, ಒಣಗಿದ ಬಟ್ಟೆ ತೆಗೆಯಲು ಮೇಲಕ್ಕೆ ಬಂದಳು. ಆಕೆಯ ಓಣಿಯಲ್ಲಿ ನಾಲ್ಕು ದಿನದಿಂದ ನೀರಿರಲಿಲ್ಲ. ಟ್ಯಾಂಕರಿನ ಮುಂದೆ ಎರಡು ಗಂಟೆ ನಿಂತು ಮೂರು ಕೊಡ ಹಿಡಿದಿಟ್ಟು ಬಂದಿದ್ದಳು. ನಮ್ಮ ಕೈಯ ಬಿಂದಿಗೆಯನ್ನು ನೋಡಿದಳು, ಮಡಿಲಿನ ತುಂಬ ಬಟ್ಟೆ ತೆಗೆದುಕೊಂಡು ಇಳಿದುಹೋದಳು. ಒಂದು ಮಾತನ್ನೂ ಆಡಲಿಲ್ಲ.

ಈ ಕಾವೇರಿಯ ನೀರು ಬರುವುದು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಹಾರೋಹಳ್ಳಿಗೆ, ಅಲ್ಲಿಂದ ನಮ್ಮ ಕನಕಪುರ ರಸ್ತೆಯ ತಾತಗುಣಿಗೆ, ಹೀಗೆ ಮೂರು ಮೆಟ್ಟಿಲುಗಳಲ್ಲಿ ಐನೂರು ಮೀಟರಿನಷ್ಟು ಎತ್ತರಕ್ಕೆ ಯಂತ್ರಗಳಿಂದ ಎತ್ತಿ ತರುವರು. ಭಗೀರಥನು ಗಂಗೆಯನ್ನು ಕೆಳಕ್ಕೆ ತಂದನು. ಇಲ್ಲಿ ನದಿಯನ್ನು ಬೆಟ್ಟ ಹತ್ತಿಸಿದ್ದಾರೆ. ಅಂಥ ನೀರನ್ನು ಕತ್ತಲಲ್ಲಿ ಟೊಮೇಟೊಗೆ ಎರೆಯುತ್ತಿದ್ದೆವು. ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ನಮ್ಮ ಮನೆಯವರೊಡನೆ ಕುಳಿತು, ಯಾವ ಗಿಡವನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಪಟ್ಟಿಮಾಡಿದೆವು. ಟೊಮೇಟೊ ಒಂಬತ್ತನ್ನೂ ಬಿಟ್ಟೆವು. ಬೆಂಡೆ, ಸೌತೆಗಳನ್ನು ಬಿಟ್ಟೆವು. ನುಗ್ಗೆ, ಕರಿಬೇವು, ಬಸಳೆ, ದೊಡ್ಡಪತ್ರೆ ಇವನ್ನು ಮಾತ್ರ ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಟೊಮೇಟೊ ಗಿಡಗಳು ಸಾಯಲು ಆರು ದಿನ ಹಿಡಿಯಿತು. ಅಷ್ಟು ದಿನವೂ ನಾವು ತಾರಸಿಗೆ ಹೋಗಲಿಲ್ಲ.

ಉಳಿದವಕ್ಕೆ ನೀರೊದಗಿಸಿದ ಉಪಾಯವು ಆ ಕೆಲಸದವಳದೇ. ಮರುದಿನದಿಂದ ಆಕೆ ಯಾರೂ ಹೇಳದೆ ಅಡುಗೆಮನೆಯ ಬಾಗಿಲಲ್ಲಿ ಒಂದು ಬಕೆಟ್ಟನ್ನಿಟ್ಟಳು. “ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು ಇದಕ್ಕೆ ಹಾಕಮ್ಮ, ನಮ್ಮೂರಲ್ಲಿ ಬಾಳೆಗೆಲ್ಲ ಅದೇ” ಎಂದು ನಮ್ಮ ಮನೆಯವರಿಗೆ ಹೇಳಿದಳು. ಪಾತ್ರೆಯನ್ನು ಕೊನೆಯ ಸಲ ಜಾಲಿಸಿದ ನೀರೂ ಅದಕ್ಕೇ ಬಿದ್ದಿತು. ಅಳೆದು ನೋಡಿದರೆ ದಿನಕ್ಕೆ ಹದಿನೇಳು ಹದಿನೆಂಟು ಲೀಟರು ನೀರನ್ನು ನಾವು ಇಷ್ಟು ಕಾಲ ಚರಂಡಿಗೆ ಬಿಡುತ್ತಿದ್ದೆವು. ಕುಡಿಯುವ ನೀರನ್ನು ಶುದ್ಧಿಮಾಡುವ ಯಂತ್ರವು ಹೊರಚೆಲ್ಲುವ ನೀರನ್ನು ಮಾತ್ರ ಗಿಡಕ್ಕೆ ನಿತ್ಯವೂ ಎರೆಯಬಾರದು. ಅದರಲ್ಲಿ ಉಪ್ಪಿನಂಶ ಹೆಚ್ಚು, ಕುಂಡದ ಮಣ್ಣಿನ ಮೇಲೆ ಬಿಳಿಯ ಹೆಪ್ಪಾಗಿ ನಿಲ್ಲುವುದು. ಅದು ನೆಲ ಒರೆಸುವುದಕ್ಕೆ ಸರಿ. ಯುಗಾದಿಗೆ ಮುನ್ನ ನಮ್ಮ ಬೀದಿಯ ಹೊಂಗೆಮರಗಳು ಉದುರಿಸಿದ ಎಲೆಗಳನ್ನು ಮೂಟೆಗಟ್ಟಿ ತಂದು ಕುಂಡಗಳ ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಹೊದಿಸಿದೆವು. ದಿನಕ್ಕೆ ಎರಡು ಸಲ ನೀರು ಬೇಡುತ್ತಿದ್ದ ಬಸಳೆಯು ಎರಡು ದಿನಕ್ಕೊಂದು ಸಲಕ್ಕೆ ಒಪ್ಪಿಕೊಂಡಿತು.

ಮಳೆ ಬಂದಿತು. ಬಂದುದೂ ಎಂಥದು! ಜೂನ್ ೨ನೆಯ ತಾರೀಖು ಒಂದೇ ದಿನ ೧೧೧ ಮಿಲಿಮೀಟರು. ಜೂನ್ ತಿಂಗಳ ಒಂದು ದಿನದಲ್ಲಿ ಇಷ್ಟು ಮಳೆ ೧೩೩ ವರುಷಗಳಲ್ಲಿ ಬಿದ್ದಿರಲಿಲ್ಲವೆಂದು ಹವಾಮಾನದವರು ಹೇಳಿದರು. ಜಯನಗರದ ಬೀದಿಗಳಲ್ಲಿ ಮರಗಳು ಉರುಳಿದ್ದುವು. ಮೂರು ತಿಂಗಳು ಬಟ್ಟಲಲ್ಲಿ ನೀರಳೆದ ನಾವು ತಾರಸಿಯ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದೆವು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು. ಸಾವಿರ ಚದರಡಿಯ ನಮ್ಮ ತಾರಸಿಯಿಂದ ಆ ಒಂದು ದಿನದಲ್ಲಿ ಹತ್ತು ಸಾವಿರ ಲೀಟರು ಚರಂಡಿಗೆ ಹರಿದುಹೋಯಿತು. ಇನ್ನೂರು ಲೀಟರಿನ ನಮ್ಮ ಒಂದೇ ಪೀಪಾಯಿ ಕಾಲುಗಂಟೆಯಲ್ಲಿ ತುಂಬಿ ಕುಳಿತಿತ್ತು. ಆ ವಾರವೇ ಜಯನಗರದ ಐದನೆಯ ಬಡಾವಣೆಯಲ್ಲಿರುವ, ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರ ಕೊಯ್ಲಿನ ಉದ್ಯಾನಕ್ಕೆ ಹೋಗಿ ಬಂದೆವು. ಸೋಸುಪೆಟ್ಟಿಗೆಗಳನ್ನೂ ಇಂಗುಗುಂಡಿಗಳನ್ನೂ ಅಲ್ಲಿ ಕಟ್ಟಿ ತೋರಿಸಿದ್ದಾರೆ. ಹತ್ತು ಹನ್ನೆರಡು ವರುಷ ಅದರ ಮುಂದೆಯೇ ಸಂಜೆಯ ತಿರುಗಾಟ ಮಾಡಿದ್ದೆವು. ಒಳಗೆ ಹೋದುದು ಅಂದೇ ಮೊದಲು. ಈಗ ಹಿತ್ತಲಲ್ಲಿ ಎರಡು ಸಾವಿರ ಲೀಟರಿನ ತೊಟ್ಟಿಯಿದೆ.

ಗೊಬ್ಬರದ ಮಾತನ್ನು ಬೇಗ ಮುಗಿಸುವೆವು. ಊರಿನ ಕಸವನ್ನೆಲ್ಲ ಹೊತ್ತು ಹಾಕುತ್ತಿದ್ದ ಮಂಡೂರಿನ ಹಳ್ಳಿಗರು ತಾಳಲಾರದೆ ಎದ್ದು ನಿಂತ ಮೇಲೆ ೨೦೧೪ರಲ್ಲಿ ಅಲ್ಲಿಗೆ ಕಸ ಹೋಗುವುದು ನಿಂತಿತು. ಮನೆಯಲ್ಲಿಯೇ ಹಸಿಕಸವನ್ನು ಬೇರ್ಪಡಿಸತಕ್ಕದ್ದೆಂದು ೨೦೧೫ರಲ್ಲಿ ಉಚ್ಚ ನ್ಯಾಯಾಲಯವು ವಿಧಿಸಿತು. ತೂತು ಕೊರೆದ ಎರಡು ಮಣ್ಣಿನ ಗಡಿಗೆಗಳು, ಒಂದು ಹಿಡಿ ಹುಳಿಮಜ್ಜಿಗೆ, ಪ್ರತಿದಿನದ ಸಿಪ್ಪೆಯ ಮೇಲೆ ಅಷ್ಟೇ ಒಣಎಲೆ. ಇಷ್ಟಿದ್ದರೆ ಎರಡು ಮೂರು ತಿಂಗಳಿಗೆ ಕಪ್ಪಾದ ಸುವಾಸನೆಯ ಗೊಬ್ಬರ. ದುರ್ವಾಸನೆ ಬಂದರೆ ಒಣಎಲೆ ಸಾಲದೆಂದು ತಿಳಿಯಬೇಕು. ಹೇನು ಹತ್ತಿದರೆ ಲೀಟರು ನೀರಿಗೆ ಒಂದು ಚಮಚ ಬೇವಿನೆಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಕದಡಿ ಸಂಜೆಯ ಹೊತ್ತು ಎರಚಬೇಕು. ಪಾರಿವಾಳ ಹೆಗ್ಗಣಗಳಿಗೆ ನಮಗೆ ಔಷಧ ಗೊತ್ತಿಲ್ಲ.

ತಾರಸಿಯಲ್ಲಿ ಸಂಸಾರಕ್ಕೆಲ್ಲ ಸಾಕಾಗುವಷ್ಟು ತರಕಾರಿ ಬರುವುದೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ವಾರಕ್ಕೆ ಮೂರು ದಿನದ ಸೊಪ್ಪು, ನಿತ್ಯದ ಕರಿಬೇವು, ಆಗಾಗ ಒಂದು ಹುಳಿಗಾಗುವಷ್ಟು ಕಾಯಿ. ಇದು ನಮ್ಮ ಎರಡನೆಯ ವರುಷದ ಆದಾಯ. ಆದರೆ ಬಸವನಗುಡಿಯ ದ್ವಾರದಲ್ಲಿ ಹುಟ್ಟುವ ವೃಷಭಾವತಿಯು ನಮ್ಮ ಬಚ್ಚಲ ನೀರನ್ನೂ ಕಾರಖಾನೆಗಳ ಕೊಳಚೆಯನ್ನೂ ಹೊತ್ತು ಬೈರಮಂಗಲದ ಕೆರೆಗೆ ಸೇರುವುದನ್ನು, ಆ ನೀರಿನಲ್ಲಿ ಬೇಸಾಯ ನಡೆಯುವುದನ್ನು ಕಂಡು ಬಂದ ಮೇಲೆ, ಆ ಮೂರು ದಿನದ ಸೊಪ್ಪು ನಮಗೆ ಅಲ್ಪವೆಂದು ತೋರುವುದಿಲ್ಲ. ಸೊಪ್ಪು ಮಾರುವ ಮುದುಕಿಯಿಂದ ಉಳಿದ ದಿನಗಳಿಗೆ ಕೊಳ್ಳುತ್ತೇವೆ. ಎಲ್ಲಿಯದೆಂದು ಕೇಳುತ್ತೇವೆ, ಆಕೆ ಹೇಳುತ್ತಾಳೆ.

೨೦೨೪ರ ಆಷಾಢದಲ್ಲಿ ಮುದುಕಿಯೇ ತಂದುಕೊಟ್ಟ ಮಾಗಡಿಯ ಅವರೆಯನ್ನು ಹಿತ್ತಲ ಗೋಡೆಗೆ ಊರಿದೆವು. ಈ ಸಲ ಯಾರು ಹೂವೆಲ್ಲಿ ಎಂದು ಕೇಳಿದರೂ “ಕಾರ್ತೀಕಕ್ಕೆ” ಎಂದು ಬಹು ಗಂಭೀರವಾಗಿ ಉತ್ತರ ಹೇಳಿದೆವು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುವ ಹೊತ್ತಿಗೆ ಗೋಡೆಯೆಲ್ಲ ಹೂವಾಗಿತ್ತು. ೨೦೨೫ರ ಜನವರಿ ೧೩, ಬನದ ಹುಣ್ಣಿಮೆಯ ದಿನ, ಬೆಳಿಗ್ಗೆ ಬಸಳೆಯ ಒಂದು ಕಟ್ಟನ್ನು ಬನಶಂಕರಿಯ ಗುಡಿಗೆ ಒಪ್ಪಿಸಿ ಬಂದು ಕಾಯಿ ಕಿತ್ತೆವು. ಎರಡೂವರೆ ಕಿಲೋ ಆಯಿತು. ಕೆಲಸದವಳೂ ನಮ್ಮ ಮನೆಯವರೂ ನಡುಮನೆಯಲ್ಲಿ ಕುಳಿತು ಸುಲಿದು, ನೆನೆಹಾಕಿ, ಹಿತಕಿದರು. ಅರ್ಧ ಆಕೆಗೆ, ಅರ್ಧ ನಮಗೆ. ಸಿಪ್ಪೆಯು ಗಡಿಗೆಗೆ ಹೋಯಿತು. ಬೀಜಕ್ಕೆಂದು ಬಳ್ಳಿಯಲ್ಲೇ ಒಣಗಲು ಬಿಟ್ಟಿದ್ದ ನಾಲ್ಕು ಕಾಯಿಗಳನ್ನು ಆಕೆ ಬೆರಳಿನಿಂದ ಒತ್ತಿ ನೋಡಿ, “ಇನ್ನೂ ಒಂದು ವಾರ ಬೇಕು ಮೇಷ್ಟ್ರೇ. ನಂಗೂ ಒಂದು ಎಂಟು ಕಾಳು ಇಡಿ, ಮನೆ ಮುಂದೆ ಬಣ್ಣದ ಡಬ್ಬ ಇದೆ” ಎಂದಳು. ಈಗ ಆಷಾಢ ಬರುತ್ತಲಿದೆ. ಆ ಎಂಟು ಕಾಳುಗಳು ಕಾಗದದಲ್ಲಿ ಕಟ್ಟಿ ದೇವರ ಮನೆಯ ಗೂಡಿನಲ್ಲಿವೆ.